ಹಗುರ ಕೋವಿಗೆ ತಕ್ಕ ಗುಂಡು

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಲು ಹೋದವರು ಓಬವ್ವನ ಕಿಂಡಿಯ ಮುಂದೆ ನಿಲ್ಲದೆ ಬರುವುದಿಲ್ಲ. ಅದೇ ಕೋಟೆಯೊಳಗೆ ಇನ್ನೊಂದು ತಾಣವಿದೆ. ಅಲ್ಲಿ ಮಾತ್ರ ಮಾರ್ಗದರ್ಶಿಯ ಎರಡು ಮಾತು ಕೇಳಿ ಮುಂದೆ ಸಾಗುವವರೇ ಹೆಚ್ಚು. ಕಲ್ಲಿನಿಂದ ಕಟ್ಟಿದ ಆಳವಾದ ಗುಂಡಿ, ಅದರೊಳಗೆ ನಾಲ್ಕು ಬೃಹದಾಕಾರದ ಬೀಸುಗಲ್ಲುಗಳು. ಮದ್ದು ಬೀಸುವ ಕಲ್ಲುಗಳೆಂದು ಅವಕ್ಕೆ ಹೆಸರು. ಆನೆಗಳನ್ನೋ ಎತ್ತುಗಳನ್ನೋ ಹೂಡಿ ಅವನ್ನು ತಿರುಗಿಸುತ್ತಿದ್ದರೆಂದು ಊರವರ ಹೇಳಿಕೆ. ಪೆಟ್ಲುಪ್ಪು, ಗಂಧಕ, ಇದ್ದಲು ಈ ಮೂರೂ ಅಲ್ಲಿ ನುಣ್ಣಗೆ ಬೆರೆತು ಕೋವಿಯ ಮದ್ದಾಗಿ ಹೊರಬರುತ್ತಿದ್ದವು.

ಹಾಗೆ ಬೀಸಿದ ಮದ್ದಿಗೆ ಎರಡು ಶತ್ರುಗಳು. ಒಂದು ಕಿಡಿ, ಇನ್ನೊಂದು ತೇವ. ಕಿಡಿ ಸೋಕಿದರೆ ಕ್ಷಣಮಾತ್ರದಲ್ಲಿ ಎಲ್ಲವೂ ಮುಗಿಯಿತು. ತೇವ ಸೋಕಿದರೆ ಮುಗಿದುದು ಗೊತ್ತಾಗುವುದು ವೈರಿ ಕಣ್ಣೆದುರಿಗೆ ಬಂದು ನಿಂತ ಮೇಲೆ. ಹೈದರಾಲಿಯ ಮುತ್ತಿಗೆಗಳನ್ನು ಎದುರಿಸಿ 1779ರಲ್ಲಿ ಸೋತ ಆ ಕೋಟೆಯ ಕಾವಲುಗಾರರಿಗೆ ಈ ಎರಡನೆಯ ಭಯವೇ ದೊಡ್ಡದಾಗಿದ್ದಿರಬೇಕು. ಓಬವ್ವ ಹಿಡಿದ ಒನಕೆಗೆ ಮಾತ್ರ ಇಂಥ ಯಾವ ಚಿಂತೆಯೂ ಇರಲಿಲ್ಲ. ಅದಕ್ಕೆ ಮದ್ದು ಬೇಡ, ಗುಂಡು ಬೇಡ, ಮಳೆಗಾಲದ ಅಂಜಿಕೆಯೂ ಬೇಡ.

ಆ ಒನಕೆಯ ಸ್ಥಾನಕ್ಕೆ ಅರ್ಧ ಕಿಲೋ ತೂಕದ ರಿವಾಲ್ವರೊಂದು ನಮ್ಮ ಕಾಲದಲ್ಲಿ ಬಂದು ನಿಂತಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಘೋರ ಕೃತ್ಯ ದೇಶವನ್ನೇ ತಲ್ಲಣಗೊಳಿಸಿದುದು ಎಲ್ಲರಿಗೂ ನೆನಪಿದೆ. ಅದಾಗಿ ಒಂದು ವರ್ಷ ಕಳೆಯುತ್ತಲೇ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಮಹಿಳೆಯರ ಕೈಚೀಲದಲ್ಲಿ ಹಿಡಿಸುವಂಥ ರಿವಾಲ್ವರನ್ನು ಹೊರತಂದಿತು. ಆ ನತದೃಷ್ಟೆಗೆ ಪತ್ರಿಕೆಗಳು ಇಟ್ಟ ‘ನಿರ್ಭಯಾ’ ಎಂಬ ಹೆಸರನ್ನು ನೆನಪಿಸುವಂತೆ ಅದಕ್ಕೆ ‘ನಿರ್ಭೀಕ್’ ಎಂದು ನಾಮಕರಣವಾಯಿತು. ಟೈಟೇನಿಯಂ ಮಿಶ್ರಲೋಹದ ಮೈ, ತೂಕ ಸುಮಾರು 500 ಗ್ರಾಂ, .32 ಬೋರು, ಬೆಲೆ 1,22,360 ರೂಪಾಯಿ. ಒಡವೆಯ ಪೆಟ್ಟಿಗೆಯಂಥ ಕೆಂಪು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಇಷ್ಟು ಬೆಲೆ ತೆತ್ತು ಕೊಳ್ಳಬಲ್ಲ ಹೆಣ್ಣುಮಕ್ಕಳು ದೇಶದಲ್ಲಿ ಎಷ್ಟು ಮಂದಿ, ರಕ್ಷಣೆಯ ಹೊಣೆಯನ್ನು ಅವರ ಕೈಚೀಲಕ್ಕೇ ತುರುಕಿ ಸರ್ಕಾರ ಕೈತೊಳೆದುಕೊಳ್ಳಬಹುದೇ ಎಂದು ಆಗಲೇ ಹಲವರು ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿತ್ತು; ಇಂದಿಗೂ ಇದೆ.

ಆದರೆ ಕೊಂಡವರು ಕೊಂಡರು. ಹೊಳಲ್ಕೆರೆಯ ಅಡಕೆ ತೋಟದ ಒಂಟಿ ಮನೆಯಾಗಲಿ, ಹೊಸದುರ್ಗದ ತೆಂಗಿನ ತೋಟವಾಗಲಿ, ಹಿರಿಯೂರಿನ ಹೆದ್ದಾರಿಯಲ್ಲಿ ಹಣದ ಚೀಲ ಹಿಡಿದು ಇರುಳಲ್ಲಿ ಸಾಗಬೇಕಾದ ವ್ಯಾಪಾರವಾಗಲಿ, ಜಿಲ್ಲಾಧಿಕಾರಿಗಳ ಪರವಾನಗಿ ಪಡೆದು ಸಣ್ಣ ಕೋವಿಯೊಂದನ್ನು ಇಟ್ಟುಕೊಳ್ಳಬೇಕೆನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಂಥವರು ಮೊದಲು ವಿಚಾರಿಸುವುದು ತೂಕ ಮತ್ತು ಬೆಲೆ. ಅದಕ್ಕೆ ಎಂಥ ಕಾಡತೂಸು ಹಾಕಬೇಕು, ಹಾಕಿದ್ದನ್ನು ಹೇಗೆ ಕಾಪಾಡಬೇಕು ಎಂದು ವಿಚಾರಿಸುವವರು ವಿರಳ. ಹಗುರ ರಿವಾಲ್ವರಿನ ಗುಟ್ಟೆಲ್ಲ ಇರುವುದು ಇಲ್ಲಿಯೇ.

ಹರಿಗೋಲಿನ ಒದೆತ

ವಾಣಿವಿಲಾಸ ಸಾಗರದ ನೀರಿನಲ್ಲಿ ಹರಿಗೋಲಿನಿಂದ ದಡಕ್ಕೆ ನೆಗೆದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ನೆಗೆದವನು ಮುಂದಕ್ಕೆ ಹೋದಂತೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ದೊಡ್ಡ ದೋಣಿಯಾದರೆ ಕೊಂಚ ಅಲುಗಿ ಸುಮ್ಮನಾಗುತ್ತದೆ. ಹಗುರ ಹರಿಗೋಲಾದರೆ ಕಾಲಡಿಯಿಂದ ಜಾರಿಯೇ ಹೋಗುತ್ತದೆ. ಕೋವಿ ಒದೆಯುವುದೂ ಹೀಗೆಯೇ. .32 ರಿವಾಲ್ವರಿನ ಗುಂಡು ತೂಗುವುದು ಆರು ಗ್ರಾಮಿಗೆ ಕೊಂಚ ಮೇಲೆ. ಅದು ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 700 ಅಡಿ ವೇಗದಲ್ಲಿ. ಅದೇ ಗುಂಡನ್ನು 700 ಗ್ರಾಂ ತೂಕದ ಉಕ್ಕಿನ ಕೋವಿಯಿಂದಲೂ 500 ಗ್ರಾಂ ತೂಕದ ಮಿಶ್ರಲೋಹದ ಕೋವಿಯಿಂದಲೂ ಹಾರಿಸಿದರೆ, ಎರಡನೆಯದು ಮೊದಲನೆಯದಕ್ಕಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು ವೇಗದಿಂದ ಹಿಂದಕ್ಕೆ ಚಿಮ್ಮುತ್ತದೆ. ಕೈಚೀಲದಲ್ಲಿ ಉಳಿದ 200 ಗ್ರಾಂ ತೂಕ ಅಂಗೈಯಲ್ಲಿ ಬಂದು ಲೆಕ್ಕ ಕೇಳುತ್ತದೆ.

.32 ರಿವಾಲ್ವರ್ ಕಾಡತೂಸು 1896ರಷ್ಟು ಹಿಂದಿನದು, ಸ್ವಭಾವದಲ್ಲಿ ಸಾಧು. ಅದರ ಒದೆತ ತಾಳಿಕೊಳ್ಳಲಾಗದ ಒದೆತವಲ್ಲ. ಆದರೂ ಅಭ್ಯಾಸವಿಲ್ಲದವರ ಕೈ ಮೊದಲ ಗುಂಡಿಗೇ ಬೆದರುತ್ತದೆ. ಎರಡನೆಯ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಹಗುರ ಕೋವಿಗೆ ಸೌಮ್ಯವಾದ ಕಾಡತೂಸೇ ಲೇಸು. ಹೆಚ್ಚು ಮದ್ದು ಎಂದರೆ ಹೆಚ್ಚು ರಕ್ಷಣೆ ಎಂಬ ನಂಬಿಕೆ ಊರಿನ ಹರಟೆಕಟ್ಟೆಗಳಲ್ಲಿ ಬೇರುಬಿಟ್ಟಿದೆ. ಗುರಿ ತಪ್ಪಿದ ಬಲವಾದ ಗುಂಡಿನಿಂದ ಪಕ್ಕದ ಮನೆಯವರಿಗೆ ಅಪಾಯವೇ ಹೊರತು ಎದುರಿನ ಕಳ್ಳನಿಗಲ್ಲ.

ಒದೆತದಿಂದ ಕೈಗೆ ಆಗುವ ತೊಂದರೆ ಕಣ್ಣಿಗೆ ಕಾಣುವಂಥದು. ಕಾಣದ ತೊಂದರೆಯೊಂದು ಉರುಳೆಯೊಳಗೆ ನಡೆಯುತ್ತದೆ. ಹೊಳಲ್ಕೆರೆಯ ಬಸ್ಸು ನಿಲ್ದಾಣದಿಂದ ಚಾಲಕ ಥಟ್ಟನೆ ಮುಂದಕ್ಕೆ ನುಗ್ಗಿಸಿದಾಗ ನಿಂತ ಪ್ರಯಾಣಿಕರೆಲ್ಲ ಹಿಂದಕ್ಕೆ ವಾಲುವುದಿಲ್ಲವೆ? ಬಸ್ಸು ಮುಂದೆ ಹೋಯಿತು, ಅವರು ಇದ್ದಲ್ಲೇ ಉಳಿಯಲು ನೋಡಿದರು. ಒಂದು ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಜಗ್ಗುತ್ತದೆ; ಉರುಳೆಯಲ್ಲಿ ಸರದಿ ಕಾಯುತ್ತಿರುವ ಉಳಿದ ಐದು ಕಾಡತೂಸುಗಳ ಹಿತ್ತಾಳೆ ಕೋಶಗಳೂ ಅದರೊಡನೆ ಹಿಂದಕ್ಕೆ ಹೋಗುತ್ತವೆ. ಕೋಶದ ತುದಿಯಲ್ಲಿ ಸಿಕ್ಕಿಸಿದ ಗುಂಡು ಮಾತ್ರ ಇದ್ದಲ್ಲೇ ಇರಲು ಹವಣಿಸುತ್ತದೆ. ಕೋಶದ ಬಾಯನ್ನು ಗುಂಡಿನ ಸುತ್ತ ಬಿಗಿಯಾಗಿ ಒತ್ತಿರದಿದ್ದರೆ ಅದು ಕೂದಲೆಳೆಯಷ್ಟು ಮುಂದಕ್ಕೆ ಜರುಗುತ್ತದೆ. ಎರಡನೆಯ, ಮೂರನೆಯ ಒದೆತಕ್ಕೆ ಇನ್ನಷ್ಟು. ಕೊನೆಗೆ ಗುಂಡಿನ ಮೂತಿ ಉರುಳೆಯ ಅಂಚನ್ನು ದಾಟಿ ಚೌಕಟ್ಟಿಗೆ ತಗುಲಿ ಉರುಳೆ ತಿರುಗದೆ ನಿಲ್ಲುತ್ತದೆ. ಕುದುರೆಯನ್ನು ಎಷ್ಟು ಎಳೆದರೂ ಕೋವಿ ಜಪ್ಪಯ್ಯ ಎನ್ನುವುದಿಲ್ಲ. ಅರ್ಧ ಕಿಲೋ ತೂಕದ, ಲಕ್ಷ ರೂಪಾಯಿ ಬೆಲೆಯ ಆಯುಧ ಆ ಗಳಿಗೆಗೆ ಒನಕೆಗಿಂತ ಕಡೆ.

ಬರಿಯ ಸೀಸದ ಗುಂಡು ಮೃದು ಹಾಗೂ ಜಾರು. ತಾಮ್ರದ ಕವಚ ತೊಡಿಸಿದ ಗುಂಡನ್ನು ಕೋಶದ ಬಾಯಿ ಹೆಚ್ಚು ಭದ್ರವಾಗಿ ಹಿಡಿದಿಡುತ್ತದೆ. ಅತಿ ಹಗುರ ರಿವಾಲ್ವರುಗಳ ತಯಾರಕರು ಕೆಲವರು ಬರಿಯ ಸೀಸದ ಗುಂಡನ್ನು ಬಳಸಬೇಡಿರೆಂದು ಎಚ್ಚರಿಸುವುದು ಇದೇ ಕಾರಣಕ್ಕೆ. ತನ್ನ ಕೋವಿಗೆ ತಂದ ಕಾಡತೂಸು ಯೋಗ್ಯವೋ ಅಲ್ಲವೋ ಎಂದು ತಿಳಿಯುವುದು ಕಷ್ಟವಲ್ಲ. ಅಧಿಕೃತ ಗುರಿಮೈದಾನದಲ್ಲಿ ಆರನ್ನು ತುಂಬಿ ಐದನ್ನು ಹಾರಿಸಬೇಕು. ಆರನೆಯದನ್ನು ಹಾರಿಸದೆ ಹೊರತೆಗೆದು ಹೊಸ ಕಾಡತೂಸಿನ ಪಕ್ಕದಲ್ಲಿ ನಿಲ್ಲಿಸಿ ಉದ್ದ ಹೋಲಿಸಬೇಕು. ಎರಡೂ ಸಮನಾಗಿದ್ದರೆ ನಿಶ್ಚಿಂತೆ. ಒಂದು ಇನ್ನೊಂದಕ್ಕಿಂತ ಉದ್ದವಾಗಿ ಕಂಡರೆ ಆ ಜಾತಿಯ ಕಾಡತೂಸು ಆ ಕೋವಿಗೆ ಸಲ್ಲದು.

ವಿಮಾನ ಚಾಲಕರ ರಿವಾಲ್ವರು

ಕೋವಿಯ ಲೋಹಕ್ಕೂ ಕಾಡತೂಸಿಗೂ ಹೊಂದಾಣಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ವಾಯುಪಡೆಯ ಕಥೆಯೊಂದಿದೆ. 1950ರ ದಶಕದ ಮೊದಲಲ್ಲಿ ತನ್ನ ವಿಮಾನ ಚಾಲಕರಿಗೆ ಕೊಡಲು ಆ ಪಡೆ ಅತಿ ಹಗುರ ರಿವಾಲ್ವರೊಂದನ್ನು ಮಾಡಿಸಿತು. ಚೌಕಟ್ಟೂ ಅಲ್ಯೂಮಿನಿಯಂ ಮಿಶ್ರಲೋಹದ್ದೇ, ಉರುಳೆಯೂ ಅದರದ್ದೇ. ತೂಕ ಅರ್ಧ ಕಿಲೋಗಿಂತಲೂ ಕಡಿಮೆ. ಹಿಡಿದವರೆಲ್ಲ ಮೆಚ್ಚಿದರು. ಆದರೆ ಕಾಡತೂಸು ಸಿಡಿಯುವಾಗ ಆವಿಯ ಒತ್ತಡವನ್ನೆಲ್ಲ ತಡೆಯಬೇಕಾದುದು ಉರುಳೆಯ ತೆಳುಗೋಡೆ, ಸಾಮಾನ್ಯ.38 ಕಾಡತೂಸಿನ ಒತ್ತಡವನ್ನು ಆ ಗೋಡೆ ತಾಳುವಂತಿರಲಿಲ್ಲ. ಇದಕ್ಕೆಂದೇ ಕಡಿಮೆ ಒತ್ತಡದ ವಿಶೇಷ ಕಾಡತೂಸನ್ನು ತಯಾರಿಸಿದರು. ಅಷ್ಟಾದರೂ ಉರುಳೆಗಳ ಮೇಲಿನ ಭರವಸೆ ಉಳಿಯಲಿಲ್ಲ. ನೋಡಲು ಒಂದೇ ರೀತಿಯ, ಅಳತೆಯೂ ಒಂದೇ ಆದ ಮಾಮೂಲಿ ಕಾಡತೂಸು ಕೈಗೆ ಸಿಕ್ಕರೆ ಸೈನಿಕ ಅದನ್ನೇ ತುಂಬಿದರೆ ತಡೆಯುವವರಾರು? ದಶಕ ಮುಗಿಯುವುದರೊಳಗೆ ವಾಯುಪಡೆ ಆ ರಿವಾಲ್ವರುಗಳನ್ನು ಹಿಂದಕ್ಕೆ ಪಡೆದು ಬಹುಪಾಲನ್ನು ಪುಡಿಮಾಡಿಸಿತು. ಅಳಿದುಳಿದ ಕೆಲವು ಇಂದು ಸಂಗ್ರಾಹಕರ ಕಪಾಟಿನಲ್ಲಿವೆ. ಅದಾದ ಮೇಲೆ ಹಗುರ ರಿವಾಲ್ವರುಗಳಲ್ಲಿ ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೂ ಉರುಳೆ ಉಕ್ಕಿನದಿರುವುದೇ ರೂಢಿಯಾಯಿತು. ಅನಂತರ ಟೈಟೇನಿಯಂ ಬಂತು. ತೂಕದಲ್ಲಿ ಉಕ್ಕಿನ ಅರ್ಧಕ್ಕಿಂತ ಕೊಂಚ ಹೆಚ್ಚು, ಗಟ್ಟಿತನದಲ್ಲಿ ಅದಕ್ಕೆ ಸರಿಸಾಟಿ.

ಹಾಗೆಂದು ಟೈಟೇನಿಯಂ ಏನು ಮಾಡಿದರೂ ಸವೆಯದ ಲೋಹವೆಂದು ತಿಳಿಯಬಾರದು. ಟೈಟೇನಿಯಂ ಉರುಳೆಯ ಮೇಲ್ಮೈಯಲ್ಲಿ ರಕ್ಷಣೆಯ ತೆಳುಪದರವಿರುತ್ತದೆ. ಕಪ್ಪು ಕಲೆ ಹೋಗಲೆಂದು ಮರಳುಕಾಗದದಿಂದಲೋ ಪಾತ್ರೆ ತಿಕ್ಕುವ ನಾರಿನಿಂದಲೋ ಉಜ್ಜಿದರೆ ಆ ಪದರ ಹರಿಯುತ್ತದೆ. ಮುಂದೆ ಹಾರಿಸುವ ಪ್ರತಿ ಗುಂಡಿನ ಬೆಂಕಿಯೂ ಅಲ್ಲಿ ಲೋಹವನ್ನು ಕೊರೆಯುತ್ತದೆ. ಕಲೆ ಇದ್ದರೆ ಇರಲಿ. ಕೋವಿ ಹೊಳೆಯಬೇಕಾದ ವಸ್ತುವೇನೂ ಅಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ‘.32’ ಎಂದು ಕರೆಯಿಸಿಕೊಳ್ಳುವ ಕಾಡತೂಸುಗಳು ಎರಡು. ಒಂದು ರಿವಾಲ್ವರಿನದು, ಕೋಶದ ಉದ್ದ 23 ಮಿಲಿಮೀಟರು; ಇನ್ನೊಂದು ಪಿಸ್ತೂಲಿನದು, 17 ಮಿಲಿಮೀಟರು. ಗಿಡ್ಡದಾದ ಪಿಸ್ತೂಲಿನ ಕಾಡತೂಸು ಹಲವು .32 ರಿವಾಲ್ವರುಗಳ ಉರುಳೆಯೊಳಗೆ ಜಾರಿ ಕುಳಿತುಕೊಳ್ಳುತ್ತದೆ. ಕುಳಿತಿತೆಂಬ ಮಾತ್ರಕ್ಕೆ ಹೊಂದಿತೆಂದಲ್ಲ. ರಿವಾಲ್ವರಿನ ಕಾಡತೂಸಿಗೆ ನಿಗದಿಯಾದ ಗರಿಷ್ಠ ಒತ್ತಡ ಚದರಂಗುಲಕ್ಕೆ 15,000 ಪೌಂಡು, ಪಿಸ್ತೂಲಿನದಕ್ಕೆ 20,500. ಅಂಗಡಿಯಲ್ಲಿ ಬರಿದೆ ‘ಮೂವತ್ತೆರಡರದು ಕೊಡಿ’ ಎನ್ನದೆ ಯಾವುದೆಂದು ಬಿಡಿಸಿ ಹೇಳುವುದು, ಕೊಟ್ಟದ್ದನ್ನು ಮನೆಗೊಯ್ಯುವ ಮುನ್ನ ಪೆಟ್ಟಿಗೆಯ ಮೇಲಿನ ಬರಹ ಓದುವುದು, ಇವೆರಡಕ್ಕೆ ಅರ್ಧ ನಿಮಿಷ ಸಾಕು.

ದೇಶೀಯ ಕಾಡತೂಸುಗಳು ಬರುವುದು ಪುಣೆಯ ಬಳಿಯ ಖಡ್ಕಿ ಕಾರ್ಖಾನೆಯಿಂದ. 1869ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯ ಸರಕಿನ ತಳದಲ್ಲಿ ‘ಕೆ.ಎಫ್.’ ಎಂಬ ಅಕ್ಷರಗಳ ಮುದ್ರೆ ಇರುತ್ತದೆ. ಹಾರಿಸಿದ ಖಾಲಿ ಕೋಶಕ್ಕೆ ಮನೆಯಲ್ಲೇ ಮದ್ದು ತುಂಬಿ ಮತ್ತೆ ಬಳಸುವ ಚಪಲ ಕೆಲವರಿಗೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದರ ಮಾತು ಅಲ್ಲಿಗೇ ಮುಗಿಯಿತು.

ಕುದುರೆ ಲಾಯದ ಪಾಠ

ಕಾಡತೂಸಿನ ಜೋಪಾನದ ವಿಷಯದಲ್ಲಿ ಜಗತ್ತಿಗೆ ದೊಡ್ಡ ಪಾಠವೊಂದು ದೊರೆತದ್ದು ನಮ್ಮ ದೇಶದ ಮಳೆಗಾಲದಲ್ಲಿಯೇ. ಬ್ರಿಟಿಷರ ಕಾಲದಲ್ಲಿ ಮಳೆ ಹಿಡಿದ ತಿಂಗಳುಗಳಲ್ಲಿ ಸೈನ್ಯದ ಓಡಾಟ ಕಡಿಮೆಯಾಗುತ್ತಿತ್ತು. ಕಾಡತೂಸಿನ ಪೆಟ್ಟಿಗೆಗಳನ್ನು ಕುದುರೆ ಲಾಯಗಳಲ್ಲಿ ಒಟ್ಟಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ಕೋಶಗಳು ಯಾರ ಕೈಯೂ ಸೋಕದೆ, ಏಟೂ ಬೀಳದೆ, ಗುಂಡನ್ನು ಬಿಗಿದ ಬಾಯಿಯ ಬಳಿ ಸೀಳುಬಿಟ್ಟಿರುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಬಿರುಕೆಂದು ಅದನ್ನು ಕರೆದರೇ ಹೊರತು ಕಾರಣ ಯಾರಿಗೂ ಹೊಳೆಯಲಿಲ್ಲ. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಲೋಹಶಾಸ್ತ್ರಜ್ಞರು ಗುಟ್ಟನ್ನು ಬಿಡಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಆವಿ, ತೇವದ ಗಾಳಿ, ಕೋಶವನ್ನು ಎಳೆದು ರೂಪಿಸುವಾಗ ಹಿತ್ತಾಳೆಯೊಳಗೆ ಉಳಿದುಬಿಟ್ಟ ಸೆಳೆತ, ಈ ಮೂರೂ ಕೂಡಿದಾಗ ಲೋಹ ತಾನಾಗಿಯೇ ಸೀಳುತ್ತದೆ. ಕೋಶವನ್ನು ಹದವಾಗಿ ಕಾಯಿಸಿ ಆ ಸೆಳೆತವನ್ನು ಸಡಿಲಗೊಳಿಸುವುದೇ ಅದಕ್ಕೆ ಕಂಡುಕೊಂಡ ಪರಿಹಾರ.

ಲಾಯಗಳು ಹೋದವು, ಕೊಟ್ಟಿಗೆಗಳು ಉಳಿದಿವೆ. ಮಕ್ಕಳ ಕೈಗೆ ಸಿಗದಿರಲೆಂದು ಕಾಡತೂಸನ್ನು ದನದ ಕೊಟ್ಟಿಗೆಯ ಅಟ್ಟದ ಮೇಲೋ, ಗೊಬ್ಬರದ ಚೀಲಗಳಿರುವ ಕೋಣೆಯಲ್ಲೋ ಬಚ್ಚಿಡುವವರು ಆ ಹಳೆಯ ತಪ್ಪನ್ನೇ ಮತ್ತೆ ಮಾಡುತ್ತಾರೆ. ಅಮೋನಿಯಾ ಬೆರೆತ ಲೋಹದ ಪಾಲಿಶುಗಳಿಂದಲೂ ಇದೇ ಹಾನಿ. ಹುಣಸೆಹಣ್ಣಿನದು ಬೇರೆಯೇ ಕಥೆ. ಹಿತ್ತಾಳೆ ಚೊಂಬಿಗೆ ಕಿಲುಬು ಕಟ್ಟಿದರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳ ಕ್ರಮ. ಚೊಂಬಿನ ದಪ್ಪ ಅದನ್ನು ತಾಳುತ್ತದೆ. ಕಾಡತೂಸಿನ ತೆಳುಗೋಡೆಗೆ ಹುಳಿ ಹಿತವಲ್ಲ. ತೊಳೆದ ನೀರು ಕೇಪಿನ ಸಂದಿಯಿಂದ ಒಳಗೆ ಇಳಿದರೆ ಮದ್ದು ಸತ್ತಂತೆಯೇ. ಕಿಲುಬು ಗಾಢವಾಗಿ ಕಚ್ಚಿದ ಕಾಡತೂಸನ್ನು ಬೆಳಗಬಾರದು, ಬಳಸಲೂ ಬಾರದು.

ಆ ಕಿಲುಬು ಬಹಳ ಸಲ ಹುಟ್ಟುವುದು ಚರ್ಮದ ಚೀಲದಿಂದ. ಚರ್ಮ ಹದಮಾಡುವಾಗ ಸೇರಿಸಿದ ಒಗರು ದ್ರವ್ಯಗಳು ತೇವದೊಡನೆ ಬೆರೆತು ಹಿತ್ತಾಳೆಯನ್ನು ಹಸಿರಾಗಿಸುತ್ತವೆ. ಚರ್ಮದ ಪಟ್ಟಿಯಲ್ಲಿ ಸಾಲಾಗಿ ಕಾಡತೂಸು ಸಿಕ್ಕಿಸಿ ವರ್ಷಗಟ್ಟಲೆ ಗೂಟಕ್ಕೆ ನೇತುಹಾಕುವುದು ಸಿನಿಮಾದಲ್ಲಿ ಚೆಂದ. ಮನೆಯಲ್ಲಿ ಅವು ಇರಬೇಕಾದುದು ತಾವು ಬಂದ ಕಾಗದದ ಪೆಟ್ಟಿಗೆಯಲ್ಲಿ, ಬೀಗವಿರುವ ಒಣ ಕಪಾಟಿನೊಳಗೆ, ಕೋವಿಯಿಂದ ಬೇರೆಯಾಗಿ.

ಎಣ್ಣೆ ಕೋವಿಗೆ ಮಿತ್ರ, ಕಾಡತೂಸಿಗೆ ಶತ್ರು. ತೆಳ್ಳನೆಯ ಎಣ್ಣೆ ಕೇಪಿನ ಅಂಚಿನಿಂದ ಜಿನುಗಿ ಒಳಗಿನ ಸ್ಫೋಟಕವನ್ನು ಮಂಕಾಗಿಸುತ್ತದೆ. ಶ್ರದ್ಧೆಯಿಂದ ಕೋವಿಗೆ ಎಣ್ಣೆ ಹಚ್ಚಿ, ಉರುಳೆಯನ್ನೂ ನೆನೆಸಿ, ಅದರಲ್ಲೇ ಕಾಡತೂಸು ತುಂಬಿಟ್ಟವನಿಗೆ ಬೇಕಾದ ದಿನ ಕೇಳಿಸುವುದು ಬರಿಯ ‘ಟಿಕ್’. ಹಚ್ಚಿದ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ ತೆಗೆಯುವುದೂ ಹಚ್ಚುವಷ್ಟೇ ಮುಖ್ಯ. ಹಾಗೆಯೇ, ಕೋವಿ ಒರೆಸಿದ ಕೈಗೆ ಸೀಸದ ಮಸಿ ಅಂಟಿರುತ್ತದೆ. ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಚಿತ್ರದುರ್ಗದ ಸೀಮೆ ಒಣಭೂಮಿ. ಮಲೆನಾಡಿನ ಬೂಷ್ಟು ಇಲ್ಲಿನ ಕಪಾಟುಗಳಿಗೆ ಹತ್ತುವುದು ಕಡಿಮೆ. ಅದರ ಬದಲು ಬಿಸಿಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೈಯಿಟ್ಟವರಿಗೆ ಬಿಸಿ ಎಂದರೇನೆಂದು ಹೇಳಬೇಕಾಗಿಲ್ಲ. ಇಂದಿನ ಹೊಗೆಯಿಲ್ಲದ ಮದ್ದು ಅಷ್ಟಕ್ಕೇ ಸಿಡಿಯುವುದಿಲ್ಲ. ಆದರೆ ಬಿಸಿಯಲ್ಲಿ ಅದು ಒಳಗೊಳಗೇ ಹಳಸುತ್ತದೆ. ಒಂದು ದಿನದ ಬಿಸಿಲಿಗೆ ಏನೂ ಕಾಣದು. ಬೇಸಗೆಯ ಮೇಲೆ ಬೇಸಗೆ ಕಳೆದಂತೆ ಬಲ ಕುಗ್ಗುತ್ತದೆ. ಕಾರಿನ ಖಾನೆಯಲ್ಲಿ ಕೋವಿ ಬಿಟ್ಟುಹೋಗುವುದರಿಂದ ಕಳ್ಳರಿಗಾಗುವ ಅನುಕೂಲವನ್ನು ಪ್ರತ್ಯೇಕ ಹೇಳಬೇಕಿಲ್ಲ.

ಬಲ ಕುಗ್ಗಿದ ಕಾಡತೂಸಿನಿಂದ ಆಗುವ ಅನಾಹುತ ಎರಡು ಬಗೆ. ಕುದುರೆ ಎಳೆದರೂ ಏನೂ ಆಗಲಿಲ್ಲವೆಂದರೆ ಕೋವಿಯ ಮೂತಿಯನ್ನು ತನ್ನತ್ತ ತಿರುಗಿಸಿ ನೋಡುವುದು ಮನುಷ್ಯನ ಮೊದಲ ಬುದ್ಧಿ. ಅದು ಕೊನೆಯ ಬುದ್ಧಿಯೂ ಆದೀತು. ಏಕೆಂದರೆ ಕೆಲವು ಕಾಡತೂಸುಗಳು ತಡವಾಗಿ ಸಿಡಿಯುತ್ತವೆ. ನಿರಪಾಯವಾದ ದಿಕ್ಕಿಗೆ ಮೂತಿ ಹಿಡಿದು ಒಂದು ನಿಮಿಷ ಕಾದು, ಬಳಿಕ ಉರುಳೆ ತೆರೆಯಬೇಕು. ಇನ್ನೊಂದು ಬಗೆ ಮತ್ತೂ ಕಪಟಿ. ಸದ್ದು ಬಂತು, ಆದರೆ ಎಂದಿನಂತಲ್ಲ, ಪುಸ್ಸೆಂದಿತು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಬೆನ್ನಿಗೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೆ ಒಡೆಯುತ್ತದೆ.

ಠಾಣೆಯ ಕೋಣೆಯಲ್ಲಿ

ಚುನಾವಣೆ ಬಂತೆಂದರೆ ಪರವಾನಗಿದಾರರು ತಮ್ಮ ಕೋವಿಗಳನ್ನು ಪೊಲೀಸು ಠಾಣೆಯಲ್ಲಿ ಠೇವಣಿ ಇಡಬೇಕಾಗುವುದು ನಮ್ಮ ಜಿಲ್ಲೆಗಳಲ್ಲಿ ವಾಡಿಕೆ. ಕೆಲವು ವಾರಗಳಾದ ಮೇಲೆ ಅದು ಮರಳಿ ಬರುತ್ತದೆ. ಬಂದ ಕೋವಿಯನ್ನು ಹಾಗೆಯೇ ಕಪಾಟಿಗೆ ಸೇರಿಸುವವರೇ ಹೆಚ್ಚು. ಠೇವಣಿಗೆ ಕೊಡುವ ಮುನ್ನ ಒರೆಸಿ ಬಟ್ಟೆ ಸುತ್ತುವುದು, ಮರಳಿದ ಮೇಲೆ ನಳಿಗೆಯೊಳಗೆ ಧೂಳು ಕುಳಿತಿದೆಯೇ ಎಂದು ನೋಡುವುದು, ಕಾಡತೂಸುಗಳನ್ನು ಎಣಿಸಿ ಪುಸ್ತಕದ ಲೆಕ್ಕಕ್ಕೆ ತಾಳೆ ಹಾಕುವುದು ಒಂದು ಗಳಿಗೆಯ ಕೆಲಸ.

ಆಯುಧ ಒಪ್ಪಿಸುವುದೆಂದರೆ ಕನ್ನಡ ನಾಡಿಗೆ ಹಳೆಯ ನೆನಪೊಂದಿದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಕೊಡಲೊಪ್ಪದೆ ದಂಗೆಯೆದ್ದು ಊರಿಗೆ ಊರೇ ಸುಟ್ಟುಹೋಯಿತು. 1959ರ ಶಸ್ತ್ರಾಸ್ತ್ರ ಕಾಯಿದೆ ಸ್ವತಂತ್ರ ಭಾರತದ್ದು. ಅದರ ಕೆಳಗಿನ 2016ರ ನಿಯಮಗಳು ಪರವಾನಗಿ ಬೇಡುವವರು ಆಯುಧದ ಸುರಕ್ಷತಾ ತರಬೇತಿ ಪಡೆದಿರಬೇಕೆಂದು ವಿಧಿಸಿವೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಪ್ರಮಾಣಪತ್ರಕ್ಕಾಗಿ ಒಮ್ಮೆ ಹೋಗಿ ಬರುವುದರ ಬದಲು, ಅವಕಾಶ ಸಿಕ್ಕಾಗಲೆಲ್ಲ ಹೋಗಿ ತನ್ನ ಹಗುರ ಕೋವಿಯ ಒದೆತಕ್ಕೆ ಕೈಯನ್ನು ಪಳಗಿಸಿಕೊಂಡವರ ಬಳಿ ಮಾತ್ರ ಅದು ಆಯುಧ. ಉಳಿದವರ ಬಳಿ ಅದು ಮನೆಯೊಳಗಿನ ಅಪಾಯ. ಮದುವೆಯ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವವರಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗಿನ ಸೆರೆಯನ್ನೋ ಲಕ್ಷ ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ಸೇರಿಸಿಯೋ ಗೊತ್ತುಮಾಡಿದೆ. ಮೇಲೆ ಹೋದ ಗುಂಡು ಯಾರದೋ ಅಂಗಳಕ್ಕೆ ಇಳಿಯಲೇಬೇಕಷ್ಟೆ.

ಇನ್ನು ಕೆಟ್ಟ ಕಾಡತೂಸನ್ನು ಏನು ಮಾಡುವುದು? ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಲೆಕ್ಕದ ವಸ್ತುವಾದ್ದರಿಂದ ಪರವಾನಗಿ ಪಡೆದ ಮಾರಾಟಗಾರರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಬೇಕು. ಬಾವಿಗೆ ಹಾಕಿ ಕೈತೊಳೆದುಕೊಳ್ಳೋಣವೆಂಬ ಯೋಚನೆ ಬಂದವರು ಶಿವಮೊಗ್ಗ ಜಿಲ್ಲೆಯ ನಗರದ ಸಂಗತಿಯನ್ನು ಕೇಳಬೇಕು. 2018ರಲ್ಲಿ ಅಲ್ಲಿನ ಪಾಳುಬಾವಿಯೊಂದರ ಮಣ್ಣನ್ನು ಅಗೆದಾಗ ಟಿಪ್ಪುವಿನ ಕಾಲದವೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಎರಡು ಶತಮಾನ ನೀರು, ಕೆಸರು, ಮಲೆನಾಡಿನ ಮಳೆ ಎಲ್ಲವನ್ನೂ ಉಂಡ ಆ ಬಾವಿಯ ಮಣ್ಣು ಆಗಲೂ ಮದ್ದಿನ ವಾಸನೆ ಹೊಡೆಯುತ್ತಿತ್ತು.